ಅತ್ತೆಯ ಮಂಚ ಸರಿದ ಬೇಸಿಗೆ

ಕಲಬುರಗಿಯ ಬೇಸಿಗೆಯನ್ನು ಸರ್ಕಾರವೂ ಒಪ್ಪಿಕೊಂಡಿದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ ಮತ್ತು ಬಾಗಲಕೋಟೆಯಲ್ಲಿ, ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿ ಬಹಳ ವರ್ಷಗಳಿಂದ ನಡೆದುಬಂದಿದೆ. ಬೆಂಗಳೂರಿನ ಬಂಧುಗಳು ಇದನ್ನು ‘ಅರ್ಧ ದಿನದ ಕೆಲಸ, ಪೂರ್ತಿ ಸಂಬಳ’ ಎಂದು ಛೇಡಿಸುವುದುಂಟು. ಆದರೆ ನಾನು ಕಚೇರಿಯಿಂದ ಹೊರಬಿದ್ದು ಮನೆ ಸೇರುವಾಗ ಎರಡು ಗಂಟೆ, ಅಂದರೆ ಬಿಸಿಲಿನ ಅತಿ ಕೆಟ್ಟ ಹೊತ್ತು. ಅಲ್ಲಿಂದ ಮುಂದಿನ ಝಳವನ್ನೆಲ್ಲ ಮನೆಯಲ್ಲಿಯೇ ಎದುರಿಸಬೇಕು.

ಇನ್ನೊಂದು ವಿಚಿತ್ರವೂ ಇದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿ, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು, ಇಲ್ಲವೇ 45 ಮುಟ್ಟಿರಬೇಕು. ಆಗಲೇ ಅದು ಉಷ್ಣ ಅಲೆ. ಮೇ ತಿಂಗಳಲ್ಲಿ ನಮ್ಮೂರಿನ ವಾಡಿಕೆಯೇ 40ರ ಆಸುಪಾಸಿನಲ್ಲಿರುವುದರಿಂದ, 43 ಡಿಗ್ರಿಯ ದಿನವೂ ಕಾಗದದ ಮೇಲೆ ಸಾಧಾರಣ ದಿನವಾಗಿಯೇ ಉಳಿಯಬಹುದು. ನಾನು ಹೇಳಹೊರಟಿರುವುದು ಅಂಥ ‘ಸಾಧಾರಣ’ ದಿನವೊಂದರ ಸಂಗತಿ.

ನಮ್ಮದು ಮಾವನವರು ಕಟ್ಟಿಸಿದ ಆರ್‌ಸಿಸಿ ಮನೆ. ನೆಲಕ್ಕೆ ಶಹಾಬಾದ್ ಕಲ್ಲು ಹಾಸಿರುವುದರಿಂದ ಬರಿಗಾಲಿಗೆ ಹಿತವಾಗಿರುತ್ತದೆ. ಕಷ್ಟವೆಲ್ಲ ತಲೆಯ ಮೇಲಿನದು. ಹಗಲಿಡೀ ಬಿಸಿಲು ಕುಡಿದ ಸ್ಲ್ಯಾಬು ಆ ಕಾವನ್ನು ಒಳಕ್ಕೆ ಬಿಡುವುದು ಸೂರ್ಯ ಇಳಿದ ಮೇಲೆ. ಹೊರಗೆ ಗಾಳಿ ತಂಪಾಗುವ ಹೊತ್ತಿಗೆ ಒಳಗೆ ಫ್ಯಾನು ತಿರುಗಿದರೆ ಸೂರಿನ ಬಿಸಿಯೇ ಮೈಮೇಲೆ ಸುರಿಯುತ್ತದೆ. ಇದಕ್ಕಾಗಿ ಯುಗಾದಿಗೆ ಮುಂಚೆಯೇ ಮಾಳಿಗೆಗೆ ಸುಣ್ಣ ಬಳಿಸುತ್ತೇವೆ. ಅದರಿಂದ ಒಳಗೆ ಚಳಿಗಾಲವೇನೂ ಆಗುವುದಿಲ್ಲ, ಆದರೂ ರಾತ್ರಿ ಸೂರಿಗೆ ಕೈ ತಾಗಿಸಿದರೆ ಸುಣ್ಣ ಬಿದ್ದ ಭಾಗಕ್ಕೂ ಬೀಳದ ಭಾಗಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ. ಕಿಟಕಿಗಳ ವಿಚಾರದಲ್ಲಿ ಅತ್ತೆಯದೇ ಕಾಯಿದೆ. ಬೆಳಿಗ್ಗೆ ಎಂಟಾಗುತ್ತಿದ್ದಂತೆ ‘ಕಿಡಕಿ ಮುಚ್ಚವ್ವ, ಝಳ ಹೊಡಿಲತ್ತದ’ ಎಂಬ ಆಜ್ಞೆ ಹೊರಡುತ್ತದೆ, ಸಂಜೆ ಏಳರವರೆಗೆ ಅವು ತೆರೆಯುವುದಿಲ್ಲ. ಕೂಲರ್ ಇಟ್ಟ ಕಿಟಕಿ ಮತ್ತು ಅದರ ಎದುರಿನ ಬಾಗಿಲಿನ ಸಂದು ಮಾತ್ರ ಇದಕ್ಕೆ ಹೊರತು. ನೀರು ಆವಿಯಾಗುವುದರಿಂದಲೇ ಕೂಲರ್ ಗಾಳಿ ತಂಪಾಗುವುದು. ಆ ತೇವದ ಗಾಳಿ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಕೋಣೆ ಸ್ವಲ್ಪ ಹೊತ್ತಿಗೇ ಜಿಗಿಜಿಗಿ ಎನ್ನುತ್ತದೆ.

ಅಡುಗೆಮನೆಗೆ ಈ ಕಾಯಿದೆಗಳಾವುವೂ ಅನ್ವಯಿಸುವುದಿಲ್ಲ. ಗ್ಯಾಸಿನ ಉರಿ ಆರುತ್ತದೆಂದು ಅಲ್ಲಿ ಫ್ಯಾನು ಹಾಕುವಂತಿಲ್ಲ, ಕೂಲರಿನ ಗಾಳಿ ಅಲ್ಲಿಯವರೆಗೆ ಬರುವುದಿಲ್ಲ. ಜೋಳದ ರೊಟ್ಟಿಗೆ ನಾದುವ ನೀರೂ ಕುದಿಯಬೇಕು, ಹೆಂಚೂ ಕಾದಿರಬೇಕು. ತಟ್ಟಿದ ರೊಟ್ಟಿಯನ್ನು ಹೆಂಚಿಗೆ ಹಾಕಿ, ಮೇಲೆ ನೀರಿನ ಅರಿವೆ ಸವರಿದಾಗ ಏಳುವ ಹಬೆ ನೇರವಾಗಿ ಮುಖಕ್ಕೆ ಬಡಿಯುತ್ತದೆ. ಬಿಸಿಲಿನ ಬಗ್ಗೆ ಬರುವ ಸಲಹೆಗಳಲ್ಲಿ ಮಧ್ಯಾಹ್ನ ಹೊರಗೆ ಹೋಗಬೇಡಿ ಎಂದು ತಪ್ಪದೆ ಬರೆದಿರುತ್ತದೆ, ಒಲೆಯ ಮುಂದೆ ನಿಂತವರ ವಿಷಯ ಅಲ್ಲಿ ಕಾಣುವುದು ಅಪರೂಪ. ನಮ್ಮಲ್ಲಿ ಬೆಳಗಿನ ಜಾವಕ್ಕೇ ರೊಟ್ಟಿ ಮುಗಿಸುತ್ತೇವೆ. ಫಾಲ್ಗುಣದಲ್ಲಿಯೇ ಮಾಡಿ ಒಣಗಿಸಿಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ ಇದ್ದರೆ ರಾತ್ರಿ ಒಲೆ ಹಚ್ಚುವ ಪ್ರಮೇಯವೇ ಬರುವುದಿಲ್ಲ.

ಆ ದಿನ ನಾನು ಮನೆಗೆ ಬರುವಾಗ ಓಣಿಯಲ್ಲಿ ಕರೆಂಟ್ ಇರಲಿಲ್ಲ. ಟಿಸಿ (ಓಣಿಯ ಟ್ರಾನ್ಸ್‌ಫಾರ್ಮರ್) ಸುಟ್ಟಿದೆ, ಸಂಜೆಯಾಗಬಹುದು ಎಂದು ಪಕ್ಕದ ಮನೆಯವರು ಹೇಳಿದರು. ನಡುಮನೆಯಲ್ಲಿ ಅತ್ತೆ ಗೋಡೆಗೆ ಒರಗಿ ಕುಳಿತಿದ್ದರು. ಮೈ ಬೆವರಿನಿಂದ ಒದ್ದೆಯಾಗಿತ್ತು, ತಲೆ ಸುತ್ತುತ್ತದೆ ಎಂದರು, ಮೀನಖಂಡ ಹಿಡಿದುಕೊಂಡು ನೋವಿಗೆ ಮುಖ ಕಿವುಚಿದರು. ಮಂಚದ ಪಕ್ಕದ ಹಿತ್ತಾಳೆ ತಂಬಿಗೆಯಲ್ಲಿ ಬೆಳಿಗ್ಗೆ ನಾನು ತುಂಬಿಸಿಟ್ಟು ಹೋದ ನೀರು ಕಂಠದವರೆಗೆ ಹಾಗೆಯೇ ನಿಂತಿತ್ತು. ಅದಕ್ಕೆ ಮುಚ್ಚಿದ ತಟ್ಟೆಯೂ ಅಲುಗಿರಲಿಲ್ಲ.

ಅವರು ತೆಗೆದುಕೊಳ್ಳುವ ಬಿಪಿ ಮಾತ್ರೆಗಳಲ್ಲಿ ಒಂದು ಮೂತ್ರದ ಮೂಲಕ ನೀರು ಇಳಿಸುವಂಥದು. ವಯಸ್ಸಾದವರಿಗೆ ಬಾಯಾರಿಕೆ ಅಷ್ಟಾಗಿ ತಿಳಿಯುವುದೂ ಇಲ್ಲ. ಫೋನಿನಲ್ಲಿ ಸಿಕ್ಕ ನಮ್ಮ ವೈದ್ಯರು, ಮಾತು ತೊದಲುತ್ತಿದೆಯೇ, ಗುರುತು ಹಿಡಿಯುತ್ತಾರೆಯೇ, ವಾಂತಿಯಾಗಿದೆಯೇ ಎಂದು ಮೊದಲು ವಿಚಾರಿಸಿ, ಇವುಗಳಲ್ಲಿ ಯಾವುದು ಕಂಡರೂ, ಅಥವಾ ಮೈ ಕೆಂಡದಂತೆ ಸುಡತೊಡಗಿದರೂ, ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಕರೆತನ್ನಿ ಎಂದರು. ಅಂಥದೇನೂ ಇರಲಿಲ್ಲ. ಅವರನ್ನು ಕಲ್ಲಿನ ನೆಲದ ಮೇಲೆ ಮಲಗಿಸಿ, ಕಾಲ ಕೆಳಗೆ ದಿಂಬು ಕೊಟ್ಟು, ಕುತ್ತಿಗೆ, ಕಂಕುಳು, ಅಂಗಾಲುಗಳಿಗೆ ಹರವಿಯ ನೀರಿನ ಒದ್ದೆ ಅರಿವೆ ಹಾಕಿ ಬೀಸಣಿಗೆಯಿಂದ ಗಾಳಿ ಹಾಕಿದೆ. ಓಆರ್‌ಎಸ್ ಪೊಟ್ಟಣ ಮನೆಯಲ್ಲಿ ಇರಲಿಲ್ಲ. ಒಂದು ಲೀಟರ್ ನೀರಿಗೆ ಚಹಾ ಚಮಚದಲ್ಲಿ ಮಟ್ಟವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿದೆ. ನಾಲ್ಕರ ಹೊತ್ತಿಗೆ ಅವರು ಎದ್ದು ಕುಳಿತು, ಹಾಲಿನವನ ಲೆಕ್ಕದ ಬಗ್ಗೆ ನನ್ನನ್ನು ಗದರಿಸುವಷ್ಟು ಚೇತರಿಸಿಕೊಂಡಿದ್ದರು.

ನೀರೇಕೆ ಕುಡಿಯಲಿಲ್ಲ ಎಂದು ಆಗ ಕೇಳಿದೆ. ‘ಕುಡದ್ರ ಎದ್ದು ಹೋಗಬೇಕಾಗ್ತದವ್ವ. ಈ ಬಿಸಲಾಗ, ಈ ಮೊಣಕಾಲ ತಗೊಂಡು ಎಲ್ಲಿ ಹೋಗ್ಲಿ?’ ಎಂದರು.

ನಮ್ಮ ಶೌಚಾಲಯ ಹಿತ್ತಲಿನಲ್ಲಿದೆ. ನಡುಮನೆಯಿಂದ ಅಲ್ಲಿಗೆ ಹೋಗಲು ಎರಡು ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ಕಲ್ಲು ಹಾಸಿದ ಅಂಗಳವನ್ನು ಹಾಯಬೇಕು. ಮಧ್ಯಾಹ್ನ ಆ ಕಲ್ಲಿನ ಮೇಲೆ ಚಪ್ಪಲಿಯಿಲ್ಲದೆ ಕಾಲಿಡುವಂತಿಲ್ಲ. ಸಂಜೆಯವರೆಗೆ ಏಳುವ ಪ್ರಸಂಗವೇ ಬರದಂತೆ ಅವರು ತಾವಾಗಿಯೇ ನೀರು ಕಡಿಮೆ ಮಾಡಿದ್ದರು. ಮಾತ್ರೆಯ ವಿಚಾರವನ್ನು ವೈದ್ಯರಿಗೆ ಬಿಟ್ಟೆವು, ಅವರು ಪರೀಕ್ಷಿಸಿ ಪ್ರಮಾಣ ಬದಲಿಸಿದರು. ಆದರೆ ಈ ಅಂಗಳ ಯಾವ ವೈದ್ಯರ ಕೈಯಲ್ಲಿಯೂ ಇರಲಿಲ್ಲ.

ಮರುದಿನವೇ ಅತ್ತೆಯ ಮಂಚ ಹಿಂದಿನ ಕೋಣೆಗೆ ಸರಿಯಿತು. ಅಂಗಳದ ಮೇಲೆ ನರ್ಸರಿಗಳಲ್ಲಿ ಕಟ್ಟುವಂಥ ಹಸಿರು ಬಲೆ ಕಟ್ಟಿಸಿದೆವು, ಕಲ್ಲಿನ ಮೇಲೆ ಗೋಣಿಚೀಲ ಹಾಸಿ ಬೆಳಿಗ್ಗೆ ಹತ್ತಕ್ಕೊಮ್ಮೆ, ಮಧ್ಯಾಹ್ನಕ್ಕೊಮ್ಮೆ ನೀರು ಚಿಮುಕಿಸುವ ಕೆಲಸವನ್ನು ಮಗನಿಗೆ ವಹಿಸಿದೆವು. ಮೆಟ್ಟಿಲ ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಕಬ್ಬಿಣದ ಪೈಪು ಬಂತು. ಹಿಂದಿನ ಕೋಣೆ ಪಶ್ಚಿಮಕ್ಕಿರುವುದರಿಂದ ಮಧ್ಯಾಹ್ನದ ನಂತರ ಅದೇ ಮನೆಯ ಅತಿ ಬಿಸಿ ಕೋಣೆ. ಆದ್ದರಿಂದ ಕೂಲರ್ ಕೂಡ ಮಂಚದ ಹಿಂದೆಯೇ ಹೋಗಬೇಕಾಯಿತು, ಐಪಿಎಲ್ ನಡೆಯುತ್ತಿದ್ದ ದಿನಗಳಲ್ಲಿ ಟಿವಿಯ ಮುಂದಿನ ತಂಪು ಕಳೆದುಕೊಂಡ ನನ್ನ ಗಂಡ ಮತ್ತು ಮಗ ಮೊದಲ ವಾರ ಮುಖ ಊದಿಸಿಕೊಂಡಿದ್ದರು. ಆಮೇಲೆ ಟಿವಿಯೇ ಹಿಂದಿನ ಕೋಣೆಗೆ ಬಂತು. ಅತ್ತೆಗೆ ಕ್ರಿಕೆಟ್ ಹುಚ್ಚು ಹಿಡಿದದ್ದು ಹಾಗೆ. ನೀರು ಕುಡಿಯಿರಿ ಎಂದು ನಾನು ಯಾರಿಗೂ ಹೇಳಬೇಕಾಗಲಿಲ್ಲ. ಮಧ್ಯಾಹ್ನ ಮನೆಗೆ ಬರುವಾಗ ತಂಬಿಗೆ ಬರಿದಾಗಿರುತ್ತಿತ್ತು, ಪಕ್ಕದಲ್ಲಿ ಮಜ್ಜಿಗೆಯ ಲೋಟವೂ.

ಜೂನ್‌ನಲ್ಲಿ ಮೋಡ ಕಟ್ಟಿ ಗಾಳಿ ತೇವವಾದಾಗ ಕೂಲರ್ ನಿರುಪಯೋಗಿಯಾಯಿತು, ಒಳಗಿನ ಹುಲ್ಲು ತೆಗೆದು ಅದನ್ನು ಅಟ್ಟಕ್ಕೆ ಏರಿಸಿದೆವು. ಮಳೆಗಾಲ ಕಳೆದ ಮೇಲೆ ಗೌಂಡಿಯನ್ನು ಕರೆಸಿ, ಹಿಂದಿನ ಕೋಣೆಗೆ ಹೊಂದಿಕೊಂಡಂತೆ ಒಳಗೇ ಒಂದು ಶೌಚಾಲಯ ಕಟ್ಟಲು ಎಷ್ಟಾಗುತ್ತದೆ ಎಂದು ಕೇಳಿದೆವು. ಅವನು ಹೇಳಿದ ಮೊತ್ತದಲ್ಲಿ ಒಳ್ಳೆಯ ಎಸಿಯೊಂದು ಬಂದು ಹಣ ಮಿಗುತ್ತದೆ ಎಂದು ನನ್ನ ಗಂಡ ಲೆಕ್ಕ ತೋರಿಸಿದರು, ಮಗ ಅಪ್ಪನ ಪಕ್ಷ ವಹಿಸಿದ. ಟಿಸಿ ಸುಟ್ಟ ದಿನ ಎಸಿ ಏನು ಮಾಡುತ್ತದೆ ಎಂದು ನಾನು ಕೇಳಿದ್ದಕ್ಕೆ ಇಬ್ಬರಲ್ಲಿಯೂ ಉತ್ತರವಿರಲಿಲ್ಲ. ದೀಪಾವಳಿಗೆ ಮುಂಚೆಯೇ ಮರಳು, ಸಿಮೆಂಟು ಅಂಗಳಕ್ಕೆ ಬಂದು ಬಿದ್ದವು. ಎಸಿಯ ಮಾತು ಮುಂದಿನ ಬೇಸಿಗೆಗೆ ಹೋಯಿತು.