ಗೈಡು, ಬೇರ್ ಆಕ್ಟ್ ಮತ್ತು ರಾತ್ರಿ ಶಾಲೆಯ ಅಭ್ಯಾಸ

ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಿಂದ ಬಂದು ಕಾನೂನು ಓದಿದ ನನ್ನಂಥವರ ಮೇಲೆ ಗೈಡುಗಳ ಋಣ ದೊಡ್ಡದು. ಬೆಳಿಗ್ಗೆ ಲಾ ಕಾಲೇಜಿನ ತರಗತಿ ಮುಗಿಸಿ, ಆಮೇಲೆ ರಾತ್ರಿಯವರೆಗೂ ಹೋಟೆಲಿನ ಗಲ್ಲಾದಲ್ಲಿ ಕುಳಿತಿರುತ್ತಿದ್ದವನಿಗೆ ಸಾವಿರಾರು ಪುಟಗಳ ವ್ಯಾಖ್ಯಾನ ಗ್ರಂಥಗಳನ್ನು ತಿರುವಿಹಾಕಲು ಬಿಡುವೂ ಇರಲಿಲ್ಲ, ಕೊಳ್ಳಲು ಹಣವೂ ಇರಲಿಲ್ಲ. ಫ್ಲೋರಾ ಫೌಂಟನ್ ಬಳಿಯ ಫುಟ್‌ಪಾತಿನಲ್ಲಿ ಹಳೆಯ ಗೈಡುಗಳು ಅಗ್ಗಕ್ಕೆ ಸಿಗುತ್ತಿದ್ದವು.

ಸಿವಿಲ್ ದಾವೆಗಳು ನಡೆಯುವ ಕ್ರಮವನ್ನು ಹೇಳುವ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಹೊಸಬರನ್ನು ಕಂಗೆಡಿಸುವುದು ಅದರ ರಚನೆಯಿಂದಲೇ. 158 ಕಲಮುಗಳು ಒಂದು ಕಡೆ, ಮೊದಲ ಅನುಸೂಚಿಯ 51 ಆದೇಶಗಳು, ಅಂದರೆ ‘ಆರ್ಡರ್’ ಎಂದು ಕರೆಯುವ ನಿಯಮಗಳ ಗುಂಪುಗಳು, ಇನ್ನೊಂದು ಕಡೆ. ಅಧಿಕಾರ ಕಲಮಿನಲ್ಲಿದ್ದರೆ ಅದನ್ನು ನಡೆಸುವ ಬಗೆ ಆದೇಶದಲ್ಲಿರುತ್ತದೆ. ಸಮನ್ಸಿನ 27ನೇ ಕಲಮನ್ನು 5ನೇ ಆದೇಶದೊಡನೆ, ಮಧ್ಯಂತರ ಪರಿಹಾರದ 94ನೇ ಕಲಮನ್ನು ತಡೆಯಾಜ್ಞೆಯ 39ನೇ ಆದೇಶದೊಡನೆ, ಮೇಲ್ಮನವಿಯ 96ನೇ ಕಲಮನ್ನು 41ನೇ ಆದೇಶದೊಡನೆ ಜೋಡಿಸಿಕೊಂಡು ಓದಬೇಕೆಂಬುದನ್ನು ಒಂದೇ ಪುಟದ ಕೋಷ್ಟಕದಲ್ಲಿ ತೋರಿಸಿಕೊಟ್ಟದ್ದು ಗೈಡು. ಗೈಡು ಓದುವುದು ಕೀಳೆಂದು ಹೇಳುವವರ ಮಾತನ್ನು ನಾನು ಇಂದಿಗೂ ಒಪ್ಪುವುದಿಲ್ಲ.

ಆದರೆ ಅದನ್ನು ತೆರೆಯುವ ಹೊತ್ತು ಯಾವುದೆಂಬುದನ್ನು ಕಲಿಸಿದ್ದು ನಮ್ಮ ಶಾಲೆ. ಪಾಠವನ್ನು ಮೊದಲು ನೀವೇ ಓದಿ, ತಿಳಿದಷ್ಟನ್ನು ನಿಮ್ಮದೇ ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಆಮೇಲೆ ಟಿಪ್ಪಣಿ ನೋಡಿ ಎಂದು ನಮ್ಮ ಕನ್ನಡ ಮಾಸ್ಟ್ರು ಪಟ್ಟುಹಿಡಿಯುತ್ತಿದ್ದರು. ರೆಸ್ ಜುಡಿಕೇಟಾದ 11ನೇ ಕಲಮನ್ನು ಬೇರ್ ಆಕ್ಟಿನಲ್ಲಿ, ಅಂದರೆ ವ್ಯಾಖ್ಯಾನವಿಲ್ಲದ ಮೂಲ ಕಾಯಿದೆಯ ಪುಸ್ತಕದಲ್ಲಿ, ಹಾಗೆಯೇ ಓದಿದೆ. ಅದೇ ಕಕ್ಷಿದಾರರ ನಡುವೆ, ಅದೇ ವಿವಾದಾಂಶವನ್ನು, ಅಧಿಕಾರವುಳ್ಳ ನ್ಯಾಯಾಲಯ ಒಮ್ಮೆ ಕೇಳಿ ತೀರ್ಮಾನಿಸಿದ ಮೇಲೆ ಮತ್ತೆ ವಿಚಾರಣೆಯಿಲ್ಲ ಎಂದು ಬರೆದುಕೊಂಡ ಬಳಿಕ ಗೈಡಿನ ಅಂಶಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳಲಿಲ್ಲ.

ಹಳೆಯ ಮುದ್ರಣಗಳಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. 2002ರ ತಿದ್ದುಪಡಿಯ ನಂತರ ಪ್ರತಿವಾದಿ ದಾವೆಗೆ ಉತ್ತರವಾದ ತನ್ನ ಲಿಖಿತ ಹೇಳಿಕೆಯನ್ನು 30 ದಿನಗಳಲ್ಲಿ, ನ್ಯಾಯಾಲಯ ಕಾರಣ ದಾಖಲಿಸಿ ಅನುಮತಿಸಿದರೆ 90 ದಿನಗಳೊಳಗೆ ಸಲ್ಲಿಸಬೇಕಾಯಿತು. 2005ರಲ್ಲಿ ಸುಪ್ರೀಂ ಕೋರ್ಟ್ ಆ ಮಿತಿ ಮೀರಲೇಬಾರದಂಥದ್ದಲ್ಲವೆಂದೂ, ಆದರೆ ವಿನಾಯಿತಿ ಅಪರೂಪಕ್ಕೆ ಮಾತ್ರವೆಂದೂ ವಿವರಿಸಿತು. ಅದಕ್ಕೂ ಮೊದಲು ಅಚ್ಚಾದ ಗೈಡಿನಲ್ಲಿ ಇದು ಎಲ್ಲಿಂದ ಬರಬೇಕು? 129ನೇ ಕಲಮಿನ ಬಲದಿಂದ ದಾವೆಗಳನ್ನು ನೇರವಾಗಿ ಕೇಳುವ ಬಾಂಬೆ ಹೈಕೋರ್ಟಿನ ಮೂಲ ದಾವೆಗಳ ವಿಭಾಗಕ್ಕೆ ತನ್ನದೇ ನಿಯಮಗಳಿವೆಯೆಂಬುದನ್ನೂ ನಾನು ಗೈಡಿನ ಹೊರಗೆ ತಿಳಿಯಬೇಕಾಯಿತು.

ಗೈಡುಗಳು ತೀರ ಕೈಬಿಟ್ಟದ್ದು 21ನೇ ಆದೇಶವನ್ನು. ಪರೀಕ್ಷೆಯಲ್ಲಿ ಕೇಳುವುದು ಕಡಿಮೆಯೆಂದು ಡಿಕ್ರಿಯ ಅಮಲ್ಜಾರಿಯನ್ನು, ಅಂದರೆ ದಾವೆಯ ತೀರ್ಮಾನವನ್ನು ಜಾರಿಗೆ ತರುವ ಬಗೆಯನ್ನು, ಅವು ಒಂದೆರಡು ಪುಟದಲ್ಲಿ ಮುಗಿಸುತ್ತವೆ. ದಾವೆ ಗೆದ್ದವನಿಗೆ ಹಣವೋ ಜಾಗವೋ ಕೈಸೇರುವುದು ಇಲ್ಲಿಯೇ. ಜಪ್ತಿಯಾದ ಸ್ವತ್ತು ತನ್ನದೆಂದು ಮೂರನೆಯವನು ಬಂದರೆ 58ನೇ ನಿಯಮ, ಸ್ವಾಧೀನಕ್ಕೆ ಅಡ್ಡಿಯಾದರೆ 97ನೇ ನಿಯಮ. ಸಾಲಗಾರನ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣಗಳನ್ನು ಜಪ್ತಿ ಮಾಡಕೂಡದೆಂಬ 60ನೇ ಕಲಮನ್ನು ಮೊದಲ ಬಾರಿ ಓದಿದಾಗ, ಜೊತೆಗೆ ದುಡಿಯುತ್ತಿದ್ದ ಅಡುಗೆಯವರಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದ್ದೆ.

ನಮ್ಮ ಶಾಲೆಯಿಂದ ಹೋಗಿ ಈಗ ಕಾನೂನು ಓದುತ್ತಿರುವ ತಮ್ಮತಂಗಿಯರು ಬೇರ್ ಆಕ್ಟ್ ಹಿಡಿದು ಬಂದರೆ, ಭಾನುವಾರ ಸಂಜೆ ಶಾಲೆಯ ಕೋಣೆಯಲ್ಲಿಯೇ ಕುಳಿತು 21ನೇ ಆದೇಶವನ್ನು ಮೊದಲ ನಿಯಮದಿಂದ ಓದಲು ನಾನು ಸಿದ್ಧನಿದ್ದೇನೆ.