20 ಯೂನಿಟ್ ಕದ್ದಿದ್ದು ಯಾರು

ನಮ್ಮನೆ ಅಡುಗೆಮನೆ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ನೇತಾಡ್ತಿರತ್ತೆ. ತಾರೀಕು ನೋಡೋಕಲ್ಲ, ಅದು ಅಪ್ಪನ ಲೆಕ್ಕದ ಪುಸ್ತಕ. ಸಿಲಿಂಡರ್ ಹಾಕಿದ ದಿನ, ಹಾಲಿನವನು ಬರದೇ ಇದ್ದ ದಿನ, ಇಸ್ತ್ರಿಗೆ ಕೊಟ್ಟ ಬಟ್ಟೆ ಎಷ್ಟು ಅಂತೆಲ್ಲ ಅದ್ರಲ್ಲೇ ಇರತ್ತೆ. ಜೊತೆಗೆ ಕರೆಂಟ್ ಮೀಟರ್ ರೀಡಿಂಗ್. ಮುಂಚೆ ತಿಂಗಳಿಗೊಂದ್ಸಲ ಬರೀತಿದ್ರು, 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ವಾರಕ್ಕೊಂದ್ಸಲ ಆಯ್ತು. ಯಾಕಂದ್ರೆ ನಮ್ದು ಗಡಿಯಲ್ಲಿರೋ ಮನೆ. 2022-23ರ ಸರಾಸರಿ 171 ಯೂನಿಟ್, ಅದಕ್ಕೆ ಶೇಕಡಾ 10 ಸೇರ್ಸಿದ್ರೆ 188. ಅಲ್ಲಿವರೆಗೂ ಫ್ರೀ, 188 ದಾಟಿದ್ರೆ ದಾಟಿದ್ದಕ್ಕಷ್ಟೇ ದುಡ್ಡು, 200 ದಾಟಿದ್ರೆ ಮಾತ್ರ ಪೂರ್ತಿ ಬಿಲ್ ಕಟ್ಬೇಕು. 199ಕ್ಕೂ 201ಕ್ಕೂ ಇರೋ ವ್ಯತ್ಯಾಸ ಎರಡು ಯೂನಿಟ್ ಅಲ್ಲ ಸ್ವಾಮಿ, ಇಡೀ ಬಿಲ್ಲು.

ಹೆಚ್ಚುಕಮ್ಮಿ 186ರಲ್ಲೇ ಓಡ್ತಿದ್ದ ಮನೆ ಒಂದು ತಿಂಗಳು 193 ಆಯ್ತು, ಮುಂದಿನ ತಿಂಗಳು 207. ಬೇಸಿಗೆ ಅಲ್ಲ, ನೆಂಟರು ಬಂದಿಲ್ಲ, ಹೊಸ ಸಾಮಾನು ತಗೊಂಡಿಲ್ಲ. ಸಂಜೆ ಕಾಫಿ ಹೊತ್ತಿಗೆ ಮನೇಲಿ ವಿಚಾರಣೆ ಶುರು. ಅಮ್ಮನ ಪ್ರಕಾರ ಗೀಸರ್, ಯಾಕಂದ್ರೆ ಮೊಮ್ಮಗ ಸ್ವಿಚ್ ಆಫ್ ಮಾಡೋದೇ ಇಲ್ಲ. ಹೆಂಡತಿ ಪ್ರಕಾರ ಫ್ರಿಜ್, ಹನ್ನೊಂದು ವರ್ಷ ಹಳೇದು, ಬದಲಾಯಿಸಿ ಅಂತ ಅವಳು ಮೂರು ವರ್ಷದಿಂದ ಹೇಳ್ತಿದ್ದಾಳೆ (ಈ ಸಾಕ್ಷಿಯ ಹೇಳಿಕೇಲಿ ಸ್ವಂತ ಹಿತಾಸಕ್ತಿ ಇದೆ ಅನ್ನೋದನ್ನ ಗಮನಿಸ್ಬೇಕು). ಅಪ್ಪನ ಪ್ರಕಾರ ರಾತ್ರಿಯೆಲ್ಲ ಮಿಣಮಿಣ ಅನ್ನೋ ನನ್ನ ವೈಫೈ ಡಬ್ಬಿ. ನಾನು ಟಿವಿ ಸೆಟ್ ಟಾಪ್ ಬಾಕ್ಸ್ ಅಂದೆ. ಯಾರ ಹತ್ರನೂ ಆಧಾರ ಇಲ್ಲ. ಸರಿ ಅಂತ ಅಳೆಯೋಕೆ ಹೊರಟೆ, ನನಗೂ ಒಂದು ನೆಪ ಬೇಕಿತ್ತು ಅನ್ನೋದು ಬೇರೆ ವಿಷ್ಯ.

ಮೊದಲು ತಗೊಂಡಿದ್ದು ಸ್ಮಾರ್ಟ್ ಪ್ಲಗ್ಗು. ಗೋಡೆ ಸಾಕೆಟ್‌ಗೆ ಇದನ್ನ ಚುಚ್ಚಿ, ಇದಕ್ಕೆ ಫ್ರಿಜ್ಜೋ ಟಿವಿನೋ ಚುಚ್ಚಿದ್ರೆ ಎಷ್ಟು ವ್ಯಾಟ್ ಹೋಗ್ತಿದೆ ಅಂತ ವೈಫೈನಲ್ಲಿ ಕಳಿಸ್ತಾ ಇರತ್ತೆ. ಒಟ್ಟು ಐದು, ಅದ್ರಲ್ಲಿ ಎರಡು 16 ಆಂಪ್ಸ್‌ದು. ಗೀಸರ್‌ಗೆ ದಯವಿಟ್ಟು 16ದೇ ಹಾಕಿ, 2000 ವ್ಯಾಟ್ ಗೀಸರ್ ಅಂದ್ರೆ 230 ವೋಲ್ಟಲ್ಲಿ ಹತ್ತಿರತ್ರ 9 ಆಂಪ್ಸ್, ಚಿಕ್ಕ ಪ್ಲಗ್ ಹಾಕಿದ್ರೆ ಅರ್ಧ ಗಂಟೇಲಿ ಕೈಗೆ ಬಿಸಿ ತಾಗತ್ತೆ. ಇನ್ನೊಂದು, ಇವುಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯತ್ತೆ. ನಮ್ಮ ರೂಟರಲ್ಲಿ 2.4 ಮತ್ತು 5 ಎರಡಕ್ಕೂ ಒಂದೇ ಹೆಸರು ಇಟ್ಟಿದ್ದೆ, ಫೋನು 5ರಲ್ಲಿ ಕೂತಿತ್ತು, ಪ್ಲಗ್ಗು ಕಾಣ್ತಾನೇ ಇರ್ಲಿಲ್ಲ, ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯ್ತು.

ಬಂದ ಅಂಕಿಯೆಲ್ಲ ಒಂದು ಕಡೆ ಸೇರಿಸೋಕೆ ಹೋಮ್ ಅಸಿಸ್ಟೆಂಟ್ ಹಾಕ್ದೆ. 2013ರಿಂದ ಇರೋ ಓಪನ್ ಸೋರ್ಸ್ ಸಾಫ್ಟ್‌ವೇರ್, 2021ರಲ್ಲಿ ಅದಕ್ಕೆ ಎನರ್ಜಿ ಡ್ಯಾಶ್‌ಬೋರ್ಡ್ ಅಂತ ಬಂತು, ಯಾವ ಸಾಮಾನು ಯಾವ ದಿನ ಎಷ್ಟು ತಿಂತು ಅಂತ ಕಂಬ ಕಂಬವಾಗಿ ತೋರಿಸತ್ತೆ. ಅದು ಓಡೋಕೆ ಒಂದು ಕಂಪ್ಯೂಟರ್ ಯಾವಾಗ್ಲೂ ಆನ್ ಇರ್ಬೇಕು, ಅಟ್ಟದ ಮೇಲೆ ಬಿದ್ದಿದ್ದ ಹಳೇ ಲ್ಯಾಪ್‌ಟಾಪ್ ಇಳಿಸ್ದೆ. ಪುಕ್ಕಟೆ ಆಯ್ತಲ್ಲ ಅಂತ ಖುಷಿಪಟ್ಟೆ. ಈ ಖುಷಿ ನೆನಪಿಟ್ಕೊಳ್ಳಿ, ಆಮೇಲೆ ಬರ್ತೀನಿ.

ಮೊದಲನೇ ವಾರದ ಫಲಿತಾಂಶ. ಗೀಸರ್ ದಿನಕ್ಕೆ 1.7 ಯೂನಿಟ್. ಜಾಸ್ತಿ ಅನ್ನಿಸ್ತು, ಆದ್ರೆ ಲೆಕ್ಕ ಹಾಕಿದ್ರೆ ಅಷ್ಟು ಆಗ್ಲೇಬೇಕು. 15 ಲೀಟರ್ ನೀರನ್ನ 22 ಡಿಗ್ರಿಯಿಂದ 60ಕ್ಕೆ ತರೋಕೆ 0.66 ಯೂನಿಟ್ ಬೇಕು, 2000 ವ್ಯಾಟಲ್ಲಿ ಇಪ್ಪತ್ತು ನಿಮಿಷ. ನಾವು ಐದು ಜನ. ಸೆಟ್ ಟಾಪ್ ಬಾಕ್ಸ್ ಟಿವಿ ಆಫ್ ಇದ್ದಾಗ್ಲೂ 9 ವ್ಯಾಟ್ ಎಳೀತಿತ್ತು, ತಿಂಗಳಿಗೆ ಆರೂವರೆ ಯೂನಿಟ್, ನನ್ನ ಅನುಮಾನ ತೀರಾ ಸುಳ್ಳಲ್ಲ ಅಂತ ಎದೆ ಉಬ್ಬಿಸ್ಕೊಂಡೆ, ಆದ್ರೆ ಅದು ಐದು ವರ್ಷದಿಂದ ಎಳೀತಾನೇ ಇದೆ, ಈಗ ಜಾಸ್ತಿ ಆಗಿದ್ದಕ್ಕೆ ಅದು ಕಾರಣ ಆಗಲ್ಲ. ರೂಟರೂ ಅಷ್ಟೇ. ಫ್ರಿಜ್ ದಿನಕ್ಕೆ 0.9. ಹಳೇ ಫ್ರಿಜ್ಜಿಗೆ ಮರ್ಯಾದೆಯ ಅಂಕಿನೇ. ಹೆಂಡತಿ ಮುಖ ಸಪ್ಪಗಾಯ್ತು.

ಫ್ರಿಜ್ ವಿಷ್ಯದಲ್ಲಿ ಒಂದು ಅನಾಹುತ ಆಯ್ತು, ಅದನ್ನೂ ಹೇಳ್ಬಿಡ್ತೀನಿ. ಒಂದು ರಾತ್ರಿ ಮಳೆ ಬಂದು ಕರೆಂಟ್ ಹೋಗಿ ಹತ್ತು ನಿಮಿಷದಲ್ಲಿ ವಾಪಸ್ ಬಂತು. ಎಲ್ಲ ಬಂತು, ಫ್ರಿಜ್ ಬರ್ಲಿಲ್ಲ. ಈ ಪ್ಲಗ್ಗಿನ ಒಳಗೆ ರಿಲೇ ಅಂತ ತಾನಾಗೇ ಆನ್-ಆಫ್ ಆಗೋ ಒಂದು ಸ್ವಿಚ್ ಇರತ್ತೆ, ಕರೆಂಟ್ ಹೋಗಿ ಬಂದಾಗ ಅದು ಆನ್ ಆಗ್ಬೇಕಾ ಆಫ್ ಇರ್ಬೇಕಾ ಅನ್ನೋದು ಒಂದು ಸೆಟ್ಟಿಂಗು, ನನ್ನದರಲ್ಲಿ ಆಫ್ ಅಂತ ಇತ್ತು. ಬೆಳಿಗ್ಗೆ ಅಮ್ಮ ಬಾಗಿಲು ತೆಗೆದ್ರೆ ದೋಸೆ ಹಿಟ್ಟು ಪಾತ್ರೆಯಿಂದ ಎದ್ದು ಬಂದು ಕೆಳಗಿನ ತರಕಾರಿ ಬುಟ್ಟಿಗೆ ಇಳಿದಿತ್ತು. ಹಾಲು ಒಡೆದಿತ್ತು. "ಅಳತೆ ಮಾಡೋಕೆ ಅಂತ ತಂದಿದ್ದು ತಾನೆ, ಆಫ್ ಮಾಡು ಅಂತ ಯಾರು ಹೇಳಿದ್ರು ಅದಕ್ಕೆ" ಅಂದ್ರು ಅಮ್ಮ. ನನ್ನ ಹತ್ರ ಉತ್ತರ ಇರ್ಲಿಲ್ಲ, ಅವತ್ತೇ ಫ್ರಿಜ್ಜಿಂದ ಪ್ಲಗ್ ಕಿತ್ತು ಮಿಕ್ಸಿಗೆ ಹಾಕ್ದೆ. ಫ್ರಿಜ್ಜು, ಆಕ್ಸಿಜನ್ ಮಷೀನು, ಮೀನಿನ ತೊಟ್ಟಿ ಇಂಥದ್ದಕ್ಕೆ ಮಧ್ಯೆ ಸ್ವಿಚ್ ಇರೋ ಯಾವ ಸೆನ್ಸರ್ರೂ ಬೇಡ, ನನ್ನ ಮಾತು ಕೇಳಿ.

ಹಾಗಾದ್ರೆ ಸ್ವಿಚ್ ಇಲ್ದೆ ಅಳೆಯೋದು ಹೇಗೆ ಅಂದ್ರೆ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಕ್ಲ್ಯಾಂಪ್. ಬಟ್ಟೆ ಒಣಹಾಕೋ ಕ್ಲಿಪ್ ತರ ಬಾಯಿ ತೆಗೆದು ವೈರಿನ ಸುತ್ತ ಕಚ್ಚಿಸೋದು, ವೈರ್ ಕತ್ತರಿಸೋ ಅಗತ್ಯ ಇಲ್ಲ, ಒಳಗೆ ಹರಿಯೋ ಕರೆಂಟಿನ ಅಯಸ್ಕಾಂತ ಶಕ್ತಿಯಿಂದಲೇ ಎಷ್ಟು ಹೋಗ್ತಿದೆ ಅಂತ ತಿಳಿಯತ್ತೆ. 100 ಆಂಪ್ಸ್ ಕ್ಲ್ಯಾಂಪ್ ಇರೋ ಪಿಝೆಮ್-004ಟಿ ಅನ್ನೋ ಒಂದು ಕರೆಂಟ್ ಅಳೆಯೋ ಬೋರ್ಡು, ಅದಕ್ಕೊಂದು ಇಎಸ್‌ಪಿ 8266 ವೈಫೈ ಚಿಪ್ಪು. ಮೇನ್ ಬೋರ್ಡ್ ಬಿಚ್ಚೋ ಕೆಲಸ, ಅಲ್ಲಿ ನನ್ನ ಪಾಂಡಿತ್ಯ ನಡೆಯಲ್ಲ, ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಕರೆದೆ. ಅವರು ಅಚ್ಚುಕಟ್ಟಾಗಿ ಫೇಸು ನ್ಯೂಟ್ರಲ್ಲು ಎರಡನ್ನೂ ಸೇರಿಸಿ ಕ್ಲ್ಯಾಂಪ್ ಒಳಗೆ ಹಾಕಿ ಮುಚ್ಚಿದ್ರು. ಗೀಸರ್ ಓಡ್ತಿದೆ, ಇಸ್ತ್ರಿಪೆಟ್ಟಿಗೆ ಓಡ್ತಿದೆ, ಸ್ಕ್ರೀನಲ್ಲಿ ಸೊನ್ನೆ ವ್ಯಾಟ್. ಇಬ್ರೂ ತಲೆ ಕೆರ್ಕೊಂಡ್ವಿ. ಒಂದರಲ್ಲಿ ಹೋಗಿದ್ದು ಇನ್ನೊಂದರಲ್ಲಿ ವಾಪಸ್ ಬರತ್ತೆ, ಎರಡೂ ಒಂದನ್ನೊಂದು ಹೊಡೆದುಹಾಕತ್ತೆ, ಫೇಸ್ ಒಂದನ್ನೇ ಹಾಕ್ಬೇಕು ಅಂತ ಹೊಳೆಯೋಕೆ ಕಾಲು ಗಂಟೆ ಹಿಡೀತು. ಸರಿಹೋಯ್ತಾ ಅಂತ ನೋಡೋಕೆ ಮೀಟರ್ರೇ ಇದೆ. ನಮ್ಮ ಮೀಟರ್ ಮೇಲೆ 3200 ಅಂತ ಬರೆದಿದೆ, ಅಂದ್ರೆ ಒಂದು ಯೂನಿಟ್‌ಗೆ ಅದ್ರ ಕೆಂಪು ದೀಪ 3200 ಸಲ ಮಿಟುಕತ್ತೆ. 100 ವ್ಯಾಟ್ ಓಡ್ತಿದ್ರೆ ಹನ್ನೊಂದು ಸೆಕೆಂಡಿಗೊಂದ್ಸಲ. ಅಪ್ಪ ವಾಚ್ ಹಿಡ್ಕೊಂಡು ಎಣಿಸಿದ್ರು, ನಾನು ಸ್ಕ್ರೀನ್ ನೋಡಿದೆ, ತಾಳೆ ಆಯ್ತು.

ಇಡೀ ಮನೆಯ ಗ್ರಾಫ್ ಒಂದೇ ಗೆರೆಯಲ್ಲಿ ನೋಡೋಕೆ ಶುರುಮಾಡಿದ ಮೇಲೆ ನನಗೆ ಹುಚ್ಚು ಹಿಡೀತು ಅಂತಾನೇ ಹೇಳ್ಬೇಕು. ಗೀಸರ್ ಗೋಡೆ ತರ ನೆಟ್ಟಗೆ ಏಳತ್ತೆ. ಇಸ್ತ್ರಿಪೆಟ್ಟಿಗೆ ಬಾಚಣಿಗೆ ಹಲ್ಲು. ಮಿಕ್ಸಿ ಮುಳ್ಳು. ಫ್ರಿಜ್ ಶುರುವಾಗೋವಾಗ ಒಂದು ಸಣ್ಣ ಜಿಗಿತ, ಆಮೇಲೆ ಮೆಲ್ಲಗೆ ಇಳಿಯೋ ಗೆರೆ. ಪ್ರತಿಯೊಂದಕ್ಕೂ ಒಂದೊಂದು ಕೈಬರಹ. ಹೀಗೆ ಮೀಟರ್ ಒಂದನ್ನೇ ನೋಡಿ ಒಳಗೆ ಏನೇನು ಓಡ್ತಿದೆ ಅಂತ ಬಿಡಿಸಬಹುದು ಅಂತ ಅಮೆರಿಕದ ಎಂಐಟಿಯಲ್ಲಿ ಜಾರ್ಜ್ ಹಾರ್ಟ್ ಅನ್ನೋರು 1980ರ ದಶಕದಲ್ಲೇ ಮಾಡಿ ತೋರಿಸಿದ್ರು, 1992ರ ಅವರ ಪ್ರಬಂಧವನ್ನ ಈಗ್ಲೂ ಎಲ್ರೂ ಉಲ್ಲೇಖಿಸ್ತಾರೆ. ಅದೇ ಮನುಷ್ಯ 1989ರಲ್ಲೇ ಇನ್ನೊಂದು ಲೇಖನ ಬರೆದು, ಇದ್ರಿಂದ ಮನೆಯೊಳಗಿನ ಜನರ ಮೇಲೆ ಕಣ್ಣಿಡಬಹುದು ಹುಷಾರು ಅಂದಿದ್ರು. ಅದು ನನಗೆ ಅರ್ಥ ಆಗಿದ್ದು ಬುಧವಾರ ರಾತ್ರಿ 1:40ಕ್ಕೆ 1200 ವ್ಯಾಟ್ ಎರಡು ನಿಮಿಷ ಎದ್ದು ಇಳಿದಿದ್ದು ನೋಡಿದಾಗ. ಮೈಕ್ರೋವೇವ್. ಹತ್ತನೇ ಕ್ಲಾಸಿನ ಮಗರಾಯ ನೂಡಲ್ಸ್ ಬಿಸಿ ಮಾಡ್ಕೊಂಡು ಎದ್ದಿದ್ದಾನೆ. ಬೆಳಿಗ್ಗೆ ಕೇಳ್ದೆ, ಅವನು ನನ್ನ ಮುಖ ನೋಡಿದ ರೀತಿ ಇದ್ಯಲ್ಲ, ಕೇಳಬಾರದಿತ್ತು ಅನ್ನಿಸ್ತು. ಆ ಗ್ರಾಫ್ ಈಗ ಎಲ್ರ ಫೋನಲ್ಲೂ ಇದೆ, ಅದು ಅವನು ಹಾಕಿದ ಷರತ್ತು, ಮತ್ತು ನಾನು ಆಫೀಸಿಗೆ ಮನೆಯಿಂದ ಕೆಲಸ ಮಾಡ್ತಿದೀನಿ ಅಂತ ಹೇಳಿ ಮಧ್ಯಾಹ್ನ ಎರಡೂವರೆಗೆ ಮ್ಯಾಚ್ ನೋಡಿದ್ದು ಅದ್ರಲ್ಲಿ ಅವನಿಗೂ ಸಿಕ್ತು.

ಇರ್ಲಿ. ಕಳ್ಳ ಸಿಕ್ಕಿದ್ದು ಈ ಗ್ರಾಫಲ್ಲೇ, ಮತ್ತೆ ನಾಲ್ಕು ಜನ ಹೇಳಿದ ನಾಲ್ಕರಲ್ಲಿ ಯಾವುದೂ ಅಲ್ಲ. ದಿನಾ ಬೆಳಿಗ್ಗೆ 5:20ಕ್ಕೆ ಒಂದು ಮೆಟ್ಟಿಲು ಏಳ್ತಿತ್ತು, 560 ವ್ಯಾಟ್, ಎಪ್ಪತ್ತು ನಿಮಿಷ ಅಲ್ಲಾಡದೆ ಹಾಗೇ ಇದ್ದು, ಆಮೇಲೆ ದಿಢೀರಂತ 940ಕ್ಕೆ ಜಿಗಿದು, ಇಪ್ಪತ್ತನಾಲ್ಕು ನಿಮಿಷ ಓಡಿ ನಿಲ್ತಿತ್ತು. ನೀರಿನ ಮೋಟರ್. ಸಂಪಿಂದ ಮೇಲಿನ ಟ್ಯಾಂಕಿಗೆ ಹತ್ತಿಸೋದು. ಅದು ಸ್ಟಾರ್ಟರ್‌ಗೆ ನೇರವಾಗಿ ವೈರ್ ಆಗಿರೋದ್ರಿಂದ ಪ್ಲಗ್ ಹಾಕೋ ಪ್ರಶ್ನೆನೇ ಇಲ್ಲ, ಹಾಗಾಗಿ ನನ್ನ ಪಟ್ಟಿಯಲ್ಲೇ ಅದು ಇರ್ಲಿಲ್ಲ. ಪ್ಲಗ್ ಹಾಕೋಕೆ ಆಗೋದನ್ನ ಮಾತ್ರ ಅಳೀತಿದ್ದೆ ನಾನು, ಕತ್ತಲಲ್ಲಿ ಕಳೆದ ಬೀಗದಕೈನ ಬೆಳಕಿರೋ ಕಡೆ ಹುಡುಕ್ದಂಗೆ.

ಆ ಎರಡು ಮೆಟ್ಟಿಲಿನ ಅರ್ಥ ಏನು ಅಂದ್ರೆ, ನೀರು ಎತ್ತುವಾಗ ಮೋಟರ್‌ಗೆ ಭಾರ, 940 ಎಳೆಯತ್ತೆ. ನೀರಿಲ್ದೆ ಗಾಳಿ ಕಡೀತಾ ತಿರುಗಿದ್ರೆ ಹಗುರ, 560. ಅಂದ್ರೆ ಎಪ್ಪತ್ತು ನಿಮಿಷ ನಮ್ಮ ಮೋಟರ್ ಸುಮ್ನೆ ತಿರುಗ್ತಿತ್ತು. ಪ್ಲಂಬರ್ ಬಂದು ಪೈಪ್ ಎತ್ತಿ ನೋಡಿದ್ರೆ ಸಂಪಿನ ತಳದಲ್ಲಿ ನೀರು ವಾಪಸ್ ಇಳಿಯದ ಹಾಗೆ ತಡೆಯೋ ಫುಟ್ ವಾಲ್ವಿನ ರಬ್ಬರ್ ಸವೆದು ಒಂದು ಕಲ್ಲಿನ ಚೂರು ಸಿಕ್ಕಾಕೊಂಡಿತ್ತು, ಮೇಲಿನ ಜಾಯಿಂಟಲ್ಲೂ ಸಣ್ಣಗೆ ಗಾಳಿ ಎಳೀತಿತ್ತು. ರಾತ್ರಿಯೆಲ್ಲ ಪೈಪಿನ ನೀರು ಸಂಪಿಗೇ ಇಳಿದು ಹೋಗೋದು, ಬೆಳಿಗ್ಗೆ ಮೋಟರ್ ಮತ್ತೆ ಮೊದಲಿಂದ ಎಳ್ಕೋಬೇಕು. ಸುಟ್ಟು ಹೋಗಿಲ್ಲವಲ್ಲ ಪುಣ್ಯ ಅಂದ್ರು ಪ್ಲಂಬರ್. ದಿನಕ್ಕೆ 0.65 ಯೂನಿಟ್ ಗಾಳಿಗೆ, ತಿಂಗಳಿಗೆ ಹತ್ತಿರತ್ರ 20. 186ಕ್ಕೆ ಸೇರ್ಸಿದ್ರೆ 207ರ ಹತ್ರ ಬಂತು.

"ಅಪ್ಪ, ದಿನಾ ಒಂದೂವರೆ ಗಂಟೆ ಓಡ್ತಿದ್ರೂ ನಿಮಗೆ ಗೊತ್ತಾಗ್ಲಿಲ್ವಾ?" ಅಂದೆ.

"ಮೋಟರ್ ಹಾಕಿ ವಾಕಿಂಗ್ ಹೋಗ್ತೀನಿ, ವಾಪಸ್ ಬರೋ ಹೊತ್ತಿಗೆ ತುಂಬಿರತ್ತೆ. ಮುಂಚೆ ನಾನು ಬರೋ ಹೊತ್ತಿಗೆ ನೀರು ಹೊರಗೆ ಚೆಲ್ತಿತ್ತು, ಈಗ ಚೆಲ್ತಿಲ್ಲ. ಒಳ್ಳೇದೇ ಆಯ್ತು ಅನ್ಕೊಂಡಿದ್ದೆ ಕಣೋ."

ವಾಲ್ವ್ ಬದಲಾಯಿಸಿ ಆಯ್ತು. ಮಾರನೇ ದಿನ ಗ್ರಾಫಲ್ಲಿ ಒಂದೇ ಮೆಟ್ಟಿಲು, 940, ಇಪ್ಪತ್ತನಾಲ್ಕು ನಿಮಿಷ. ಮೋಟರ್ 700 ವ್ಯಾಟಿಗಿಂತ ಕೆಳಗೆ ಐದು ನಿಮಿಷ ಓಡಿದ್ರೆ ಎಲ್ರ ಫೋನಿಗೂ ಮೆಸೇಜ್ ಬರೋ ಹಾಗೆ ಮಾಡಿದೀನಿ. ವಾಷಿಂಗ್ ಮಷೀನ್ ಮೂರು ನಿಮಿಷ 5 ವ್ಯಾಟಿಗಿಂತ ಕಮ್ಮಿ ಇದ್ರೆ ಬಟ್ಟೆ ಆಯ್ತು ಅಂತ ಮೆಸೇಜು, ಅದು ಹೆಂಡತಿಗೆ ಇಷ್ಟ ಆಗಿರೋ ಒಂದೇ ಒಂದು. ಅದೂ ನನ್ನ ಫೋನಿಗೆ ಮಾತ್ರ ಬರೋ ಹಾಗೆ ಮಾಡಿಸ್ಕೊಂಡಿದಾಳೆ, ಯಾಕೆ ಅಂತ ಬಿಡಿಸಿ ಹೇಳೋದು ಬೇಡ.

ಮುಂದಿನ ತಿಂಗಳ ಬಿಲ್ಲು ಬಂತು. 198. ಪೂರ್ತಿ ಬಿಲ್ಲಿಂದ ಬಚಾವು ಅಂತ ನಾನು ಸಿಹಿ ತರೋಕೆ ಹೊರಟ್ರೆ ಅಪ್ಪ ಕ್ಯಾಲೆಂಡರ್ ಮುಂದೆ ನಿಂತಿದ್ರು, ಕಿವಿ ಮೇಲೆ ಪೆನ್ಸಿಲ್ಲು.

"ಮೋಟರ್ ಸರಿಹೋಯ್ತು ಅಂದ್ರೆ 186 ಬರ್ಬೇಕಿತ್ತು. ಇನ್ನು 12 ಎಲ್ಲಿ?"

ನಾನು ತೊದಲಿದೆ. ಅವರು ಕೇಳ್ತಾ ಹೋದ್ರು. ಆ ಪ್ಲಗ್ಗುಗಳು ತಾವೇ ಎಷ್ಟು ಎಳೆಯತ್ತೆ? ತಲಾ ಒಂದು ವ್ಯಾಟ್ ಇರಬಹುದು ಅಂದೆ. ಐದಕ್ಕೆ ಐದು. ಆ ಲ್ಯಾಪ್‌ಟಾಪು? ಸುಮ್ನೆ ಕೂತಿದ್ರೆ 12. ಒಟ್ಟು 17, ಇಪ್ಪತ್ನಾಲ್ಕು ಗಂಟೆ, ಮೂವತ್ತು ದಿನ. ಪೆನ್ಸಿಲ್ಲಲ್ಲಿ ಗುಣಿಸಿದ್ರು, 12.24. ಅದನ್ನ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದು ಸುತ್ತ ಒಂದು ಗುಂಡು ಸುತ್ತಿದ್ರು.

ಲ್ಯಾಪ್‌ಟಾಪ್ ಮತ್ತೆ ಅಟ್ಟ ಹತ್ತಿದೆ. ಅದ್ರ ಜಾಗದಲ್ಲಿ ಈಗ ರಾಸ್ಪ್‌ಬೆರಿ ಪೈ ಅನ್ನೋ ಪುಟಾಣಿ ಕಂಪ್ಯೂಟರ್, 4 ವ್ಯಾಟ್ ಒಳಗೇ ಇದೆ, ಗೀಸರ್ ಮತ್ತು ವಾಷಿಂಗ್ ಮಷೀನ್ ಬಿಟ್ಟು ಉಳಿದ ಮೂರು ಪ್ಲಗ್ ಕಿತ್ತು ಡಬ್ಬೀಲಿ ಹಾಕಿದೀನಿ, ಯಾರಿಗಾದ್ರೂ ಬೇಕಿದ್ರೆ ಕೊಡ್ತೀನಿ. ಕ್ಯಾಲೆಂಡರಲ್ಲಿ ಮಾತ್ರ ಪ್ರತಿ ವಾರ ಮೀಟರ್ ರೀಡಿಂಗ್ ಕೆಳಗೆ ಒಂದು ಹೊಸ ಸಾಲು ಬಂದಿದೆ, ನನ್ನ ಹೆಸರು, ಅದ್ರ ಮುಂದೆ ಯೂನಿಟ್ಟು. ಈ ವಾರ 1.0.