ಹಾಜರಿ ಪುಸ್ತಕದಲ್ಲಿ ಅವಳ ಹೆಸರು

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ಹಲವು ವರ್ಷ ರೈಟರಾಗಿದ್ದೆ, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವನು. ಹಣ್ಣು ಕೊಯ್ಲಿನ ದಿನಗಳಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆ ಸಿಲ್ವರ್ ಮರದ ಕೊಂಬೆಗೆ ತಕ್ಕಡಿ ಕಟ್ಟಿ, ಮೇಸ್ತ್ರಿ ಒಂದೊಂದೇ ಚೀಲವನ್ನು ಕೊಕ್ಕೆಗೆ ಸಿಕ್ಕಿಸಿ ತೂಕ ಕೂಗುತ್ತಿದ್ದರೆ, ನಾನು ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಿದ್ದೆ. ಗಂಡ ಹೆಂಡತಿ ಕೊಯ್ದ ಹಣ್ಣು ಒಂದೇ ಚೀಲಕ್ಕೆ ಬೀಳುತ್ತಿತ್ತು. ತೂಕ ಗಂಡನ ಹೆಸರಿಗೆ ಏರುತ್ತಿತ್ತು. ಬಟವಾಡೆಯ ದಿನ ದುಡ್ಡೂ ಅವನ ಕೈಗೇ ಹೋಗುತ್ತಿತ್ತು. ಮನೆಗೊಂದೇ ಲೆಕ್ಕವಾದರೆ ಪುಸ್ತಕ ಚೊಕ್ಕಟವಾಗಿರುತ್ತದೆ ಎಂದು ನನಗೂ ಅದೇ ಹಿತವಾಗಿತ್ತು.

ಆ ಚೊಕ್ಕಟತನದ ಬೆಲೆ ಏನೆಂಬುದು ತಿಳಿದದ್ದು ಬಾಣಂತನಕ್ಕೆ ಹೊರಟು ನಿಂತ ಒಬ್ಬ ಹೆಣ್ಣುಮಗಳು ರಜೆಯ ಸಂಬಳ ಕೇಳಿದಾಗ. 1961ರ ಹೆರಿಗೆ ಸೌಲಭ್ಯ ಕಾಯ್ದೆ ತೋಟಗಳಿಗೂ ಅನ್ವಯಿಸುತ್ತಿತ್ತು. 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗಳಿಗೆ ಸಂಬಳಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಅದನ್ನು ಪಡೆಯಲು ಹೆರಿಗೆಯ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಆಕೆ ಅದರ ಎರಡರಷ್ಟು ದಿನ ದುಡಿದಿದ್ದಳು, ನಾನೇ ಕಣ್ಣಾರೆ ನೋಡಿದ್ದೆ. ಆದರೆ ನನ್ನ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಇದ್ದದ್ದು ಕಾಫಿ ಗಿಡದ ಬೇಡದ ಚಿಗುರು ತೆಗೆದ ಮೂವತ್ತೊಂದು ದಿನ ಮಾತ್ರ. ಕೊಯ್ಲೆಲ್ಲ ಗಂಡನ ಖಾತೆಯಲ್ಲಿತ್ತು. ಮಾಲೀಕರು ಪುಸ್ತಕ ತೋರಿಸಿ ಕೈ ಚೆಲ್ಲಿದರು. ಬರೆದವನು ನಾನು.

ಶಿಶುಪಾಲನಾ ಕೊಠಡಿಯ ವಿಷಯವೂ ಇದೇ ಪುಸ್ತಕಕ್ಕೆ ಬಂದು ನಿಲ್ಲುತ್ತದೆ. 1951ರ ತೋಟ ಕಾರ್ಮಿಕರ ಕಾಯ್ದೆಯ ಪ್ರಕಾರ 50 ಅಥವಾ ಅದಕ್ಕೂ ಹೆಚ್ಚು ಹೆಂಗಸರು ಕೆಲಸಕ್ಕಿದ್ದರೆ, ಇಲ್ಲವೇ ಅವರ ಮಕ್ಕಳ ಸಂಖ್ಯೆ 20 ಮುಟ್ಟಿದರೆ, ತೋಟದವರು ಮಕ್ಕಳಿಗೊಂದು ನೆಲೆ ಒದಗಿಸಬೇಕಿತ್ತು. ಹೆಸರೇ ಇಲ್ಲದ ಹೆಂಗಸರು ಐವತ್ತರ ಲೆಕ್ಕಕ್ಕೆ ಸಿಗುವುದಾದರೂ ಹೇಗೆ? ಈ ಕಾಯ್ದೆಗಳು ಈಗ ಹೊಸ ಕಾರ್ಮಿಕ ಸಂಹಿತೆಗಳೊಳಗೆ ಸೇರಿದ್ದರೂ 80 ದಿನದ ಷರತ್ತು ಹಾಗೆಯೇ ಇದೆ. ಇನ್ನು ನಮ್ಮ ಜಿಲ್ಲೆಯ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು. ಎಂಟು ಹತ್ತು ಹೆಂಗಸರು ದುಡಿಯುವ ಅಂಥ ತೋಟಕ್ಕೆ ಐವತ್ತರ ನಿಯಮ ತಟ್ಟುವುದೇ ಇಲ್ಲ. ಅಲ್ಲಿ ಮಗು ಎರಡು ಕಾಫಿ ಗಿಡದ ನಡುವೆ ಹಳೆಯ ಸೀರೆಯ ಜೋಲಿಯಲ್ಲಿ ಮಲಗಿರುತ್ತದೆ, ಕೆಂಜಿಗ ಕಚ್ಚಿದಾಗ ಎದ್ದು ಅಳುತ್ತದೆ. ದುಡಿಯುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ ಒಳ್ಳೆಯ ಯೋಜನೆಯೇ. ಆದರೆ ಪಿಕಪ್ ಗಾಡಿ ಬೆಳಗ್ಗೆ ಏಳಕ್ಕೇ ಬಂದು ಹಾರ್ನ್ ಹೊಡೆಯುವ ಊರಿನಲ್ಲಿ, ಅದರ ಬಾಗಿಲು ಏಳಕ್ಕಿಂತ ಮುಂಚೆ ತೆರೆಯದಿದ್ದರೆ ಕೊಯ್ಲಿನ ತಾಯಂದಿರಿಗೆ ಅದರಿಂದ ಅರ್ಧ ಉಪಯೋಗವೂ ಇಲ್ಲ.

‘ಆಳು ಸಿಗುವುದಿಲ್ಲ’ ಎಂದು ನಮ್ಮ ಬೆಳೆಗಾರರು ಸಭೆ ಸಭೆಗಳಲ್ಲಿ ಹೇಳುತ್ತಾರೆ. ತೋಟದ ಆಳುಗಳ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದ ಹುಡುಗಿಯರು ಹಾಸನದ ಗಾರ್ಮೆಂಟ್ಸ್‌ಗೆ ಏಕೆ ಹೋಗುತ್ತಾರೆಂದು ಅವರಲ್ಲಿ ಕೇಳಿದವರು ಕಡಿಮೆ. ನಾನು ಕೇಳಿದವರಲ್ಲಿ ಯಾರೂ ಸಂಬಳ ಹೆಚ್ಚೆಂದು ಹೇಳಲಿಲ್ಲ; ದಿನದ ಟಾರ್ಗೆಟ್ಟು, ಸೂಪರ್‌ವೈಸರನ ಬಾಯಿ, ಎಲ್ಲವನ್ನೂ ಬೈದೇ ಬೈದರು. ಆದರೂ ಪಿಎಫ್, ಇಎಸ್‌ಐ ಇದೆ, ಸಂಬಳ ತನ್ನದೇ ಖಾತೆಗೆ ಬೀಳುತ್ತದೆ ಎಂದರು. ಒಬ್ಬಳಂತೂ ತನ್ನ ಹೆಸರಿದ್ದ ಸಂಬಳದ ಚೀಟಿಯನ್ನು ಮೊಬೈಲಿನ ಕವರಿನೊಳಗೆ ಮಡಚಿಟ್ಟುಕೊಂಡಿದ್ದಳು.

ಈಗ ನಾನು ಆಲ್ದೂರಿನ ಬಳಿ ಒಂದು ಸಣ್ಣ ತೋಟದ ಲೆಕ್ಕ ನೋಡುತ್ತೇನೆ. ಕಳೆದ ಕೊಯ್ಲಿನಿಂದ ಅಲ್ಲಿ ಆಳಿಗೊಂದು ಚೀಲ, ಆಳಿಗೊಂದು ಸಾಲು, ದುಡ್ಡು ಅವರವರ ಬ್ಯಾಂಕ್ ಖಾತೆಗೆ ಎಂದು ಮಾಲೀಕರನ್ನು ಒಪ್ಪಿಸಿದೆ. ಬರವಣಿಗೆ ಎರಡರಷ್ಟಾಯಿತು, ತೂಕ ಮುಗಿಯುವುದು ಅರ್ಧ ಗಂಟೆ ತಡವಾಯಿತು. ಮೂರು ಮನೆಗಳಲ್ಲಿ ಹೆಂಡತಿಯ ತೂಕ ಗಂಡನದ್ದಕ್ಕಿಂತ ಹೆಚ್ಚು ಬಂದು, ಗಂಡಸರು ತಕ್ಕಡಿಯೇ ಸರಿಯಿಲ್ಲವೆಂದು ಒಂದು ವಾರ ಗೊಣಗಿದರು. ನಾನು ತಕ್ಕಡಿಗೆ ತೂಕದ ಬಟ್ಟು ಹಾಕಿ, ಸರಿಯಿದೆಯೆಂದು ತೋರಿಸಿದೆ.

ಎರಡನೆಯ ಬಟವಾಡೆಯ ದಿನ, ಹಿಂದೆಂದೂ ಪುಸ್ತಕದತ್ತ ಕಣ್ಣು ಹಾಯಿಸದಿದ್ದ ಒಬ್ಬಾಕೆ ಮೇಜಿನ ಬಳಿ ಬಂದು ನಿಂತಳು. ಮಗಳಿಗೆ ಫೋಟೊ ಕಳಿಸಿ ಓದಿಸಿದ್ದಳಂತೆ. “ರೈಟರೇ, ನನ್ನ ಹೆಸರಲ್ಲಿ ಒಂದು ಒತ್ತು ಬಿಟ್ಟೀರಿ, ಸರಿ ಮಾಡಿ” ಎಂದಳು. ಸರಿ ಮಾಡಿದೆ.